ಹಬ್ಬದ ಬಿಸಿನೀರು

ಈ ಕಥೆಯಲ್ಲಿ ಹುಲಿ ಇಲ್ಲ, ದೆವ್ವ ಇಲ್ಲ. ಒಂದು ಹಂಡೆ ಬಿಸಿನೀರಿದೆ. ಮಳೆಗಾಲದ ರಾತ್ರಿ ಬಚ್ಚಲೊಲೆಯ ಮುಂದೆ ಹಲಸಿನ ಬೀಜ ಸುಡುತ್ತ ಕೂತಾಗ ಅಣ್ಣನ ಮಗಳು "ಅತ್ತೆ, ಅಮ್ಮನ ಕಥೆ ಹೇಳು" ಎನ್ನುತ್ತಾಳೆ. ಅವಳಿಗದು ಬಾಯಿಪಾಠ. ನಾನು ಒಂದು ವಿವರ ಬಿಟ್ಟರೆ ತಡೆದು ತಿದ್ದುತ್ತಾಳೆ. ಅವಳ ಅಮ್ಮ, ಅಂದರೆ ನನ್ನ ಅತ್ತಿಗೆಯೂ ಅಲ್ಲೇ ಇರುತ್ತಾಳೆ, ಒಲೆಯಿಂದ ಸ್ವಲ್ಪ ದೂರದಲ್ಲಿ, ಬಾಗಿಲ ಗಾಳಿ ಬೀಸುವ ಕಡೆ. ಅವಳು ಯಾಕೆ ದೂರ ಕೂರುತ್ತಾಳೆ ಎನ್ನುವುದೇ ಕಥೆ.

1998ರ ದೀಪಾವಳಿ. ನಾನಾಗ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಹಬ್ಬಕ್ಕೆಂದು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದಿದ್ದೆ. ಅತ್ತಿಗೆ ನಮ್ಮ ಮನೆ ತುಂಬಿ ಮೂರು ವರ್ಷವಾಗಿತ್ತು. ಇಪ್ಪತ್ತಾರರ ಪ್ರಾಯ, ಗಟ್ಟಿ ಜೀವ. ತೋಟದ ತಗ್ಗಿನಿಂದ ಸೊಪ್ಪಿನ ಹೊರೆ ಹೊತ್ತು ದರೆ ಹತ್ತಿ ಬಂದರೂ ಏದುಸಿರು ಬಿಡದವಳು. ಆ ಸಲ ಮಾತ್ರ ಯಾಕೋ ಹೊಸ್ತಿಲು ದಾಟುವಾಗ ಎಡಗಾಲು ಎತ್ತಲು ತಡೆಯುತ್ತಿದ್ದುದನ್ನು ನೋಡಿದ್ದೆ. ಕೇಳಿದರೆ "ಹದಿನೈದು ದಿನದಿಂದ ಕಾಲು ಭಾರ, ಗದ್ದೆ ಕೆಲಸ ಜಾಸ್ತಿಯಾಯ್ತು ಅನ್ಸತ್ತೆ" ಎಂದಿದ್ದಳು.

ನೀರು ತುಂಬುವ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡ್ಲೆ ಬಳ್ಳಿ ಸುತ್ತಿದ್ದೆವು. ಬೆಳಗಿನ ಜಾವಕ್ಕೆ ಅಮ್ಮ ಎಲ್ಲರ ನೆತ್ತಿಗೂ ಎಣ್ಣೆ ತಟ್ಟಿದಳು. ಗಂಡಸರದ್ದಾಯಿತು, ಹುಡುಗರದ್ದಾಯಿತು, ನನ್ನದೂ ಆಯಿತು. ಮನೆಯ ಸೊಸೆಗೆ ಯಾವಾಗಲೂ ಕೊನೆಯ ಪಾಳಿ. ಅಷ್ಟು ಹೊತ್ತಿಗೆ ಹಂಡೆಯ ನೀರು ಕೊತಕೊತ ಅನ್ನುತ್ತಿರುತ್ತದೆ, ಬಚ್ಚಲು ತುಂಬ ಹಬೆ. ನಮ್ಮಲ್ಲಿ ಒಲೆಯ ಬಾಯಿ ಬಚ್ಚಲಿನ ಹೊರಗೆ. ನಾನು ಅಲ್ಲಿ ಕೂತು ಅಡಿಕೆ ಸಿಪ್ಪೆ ನೂಕುತ್ತಿದ್ದೆ. "ಸಾಕು ಮಾರಾಯ್ತಿ, ಮೈ ಸುಡ್ತಿದೆ" ಎಂದಳು ಅತ್ತಿಗೆ ಒಳಗಿನಿಂದ. "ಹಬ್ಬದ ದಿನ ಮೈ ಕೆಂಪಾಗೋ ಹಾಗೆ ಮೀಯಬೇಕು ಕಣೆ" ಎಂದು ಅಡುಗೆಮನೆಯಿಂದಲೇ ಕೂಗಿದಳು ಅಮ್ಮ.

ಸ್ವಲ್ಪ ಹೊತ್ತಿಗೆ ಹಿತ್ತಾಳೆ ಚೊಂಬು ಕಲ್ಲಿಗೆ ಬಿದ್ದ ಸದ್ದು. ಅದರ ಬೆನ್ನಿಗೇ ಅವಳ ಸ್ವರ. ಕಿರುಚಲಿಲ್ಲ, ತೀರಾ ಸಾದಾ ಸ್ವರದಲ್ಲಿ ಕೇಳಿದಳು: "ದೀಪ ಆರಿಸಿದ್ಯಾ?"

ದೀಪ ಉರಿಯುತ್ತಿತ್ತು. ಗೂಡಿನಲ್ಲಿ ಚಿಮಣಿ, ಮೇಲೆ ಕರೆಂಟಿನ ಬಲ್ಬು, ಎರಡೂ.

ಒಳಗೆ ಹೋದರೆ ಅತ್ತಿಗೆ ಗೋಡೆ ತಡವುತ್ತ ನಿಲ್ಲಲು ನೋಡುತ್ತಿದ್ದಾಳೆ. ಕಾಲು ಹಿಡಿತಕ್ಕೆ ಸಿಗುತ್ತಿಲ್ಲ. ಸೀರೆ ಸುತ್ತಿ, ಅಮ್ಮನನ್ನು ಕರೆದು, ಇಬ್ಬರೂ ಸೇರಿ ಎಳೆದುಕೊಂಡು ಬಂದು ಹಿಂದಿನ ಜಗಲಿಯ ಕಾವಿ ನೆಲದ ಮೇಲೆ ಮಲಗಿಸಿದೆವು. ಅಕ್ಟೋಬರಿನ ನಸುಕು, ನೆಲ ಕೊರೆಯುತ್ತಿತ್ತು. ಅಮ್ಮ ಕಂಬಳಿ ತರಲು ಓಡಿದಳು. ಅತ್ತಿಗೆ ಮಾತ್ರ "ಬೇಡ, ಹೀಗೇ ಇರ್ಲಿ, ತಂಪಿಗೆ ಹಿತ ಆಗ್ತಿದೆ" ಎಂದು ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡಳು. ಆಕಾಶ ಬೆಳ್ಳಗಾಗುವ ಮೊದಲೇ ಅವಳಿಗೆ ಜಂತಿ ಕಂಡಿತು, ಆಮೇಲೆ ನಾನು ಕಂಡೆ. ಗೋಪೂಜೆಯ ಹೊತ್ತಿಗೆ ಎದ್ದು ಗೋಡೆ ಹಿಡಿದು ನಡೆದಳು.

ಬಿಸಿಗೆ ತಲೆ ಸುತ್ತಿರಬೇಕು ಎಂದರು ಎಲ್ಲರೂ. ಹಾಗೆಂದು ಸುಮ್ಮನಾಗಿಬಿಡುತ್ತಿದ್ದರೋ ಏನೋ. ಆದರೆ ಕಾಲಿನ ಭಾರ ಇಳಿಯಲಿಲ್ಲ, ಏರಿತು. ದೊಡ್ಡಮ್ಮ ಬಂದು, ಹಬ್ಬದ ಜಾವ ಎಣ್ಣೆ ಮೈಯಲ್ಲಿ ಹಿತ್ತಲಿಗೆ ಹೋಗಿದ್ದಳೇ ಎಂದು ಕೇಳಿದಳು. ನಿಮಿತ್ತ ನೋಡಿಸಿದರು. ತೋಟದ ಚೌಡಿಗೆ ಹಣ್ಣುಕಾಯಿ ಬಾಕಿ ಇದೆಯೆಂದು ಬಂತು, ಅದೂ ಆಯಿತು. ಪೇಟೆಯ ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ಕು ಕೊಟ್ಟರು. ಮತ್ತೊಬ್ಬರು ಅಣ್ಣನನ್ನು ಹೊರಗೆ ಕರೆದು, ಮದುವೆಯಾಗಿ ಮೂರು ವರ್ಷ ಆದರೂ ಮಕ್ಕಳಿಲ್ಲವಲ್ಲ, ಮನಸ್ಸಿನ ಕೊರಗು ಇರಬಹುದು ಎಂದರು. ಅಮ್ಮ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಅಡುಗೆಮನೆಯಲ್ಲಿ ಪಾತ್ರೆ ಇಡುವ ಸದ್ದಿನಲ್ಲೇ ಅವಳ ಅಭಿಪ್ರಾಯ ಗೊತ್ತಾಗುತ್ತಿತ್ತು.

ಅಣ್ಣ ಹಟ ಹಿಡಿದು ಬೆಂಗಳೂರಿಗೆ ಹೊರಟ. ಜೊತೆಗೆ ಹೆಂಗಸರು ಬೇಕೆಂದು ನನ್ನನ್ನೂ ಕರೆದ. ರಾತ್ರಿ ಬಸ್ಸು, ಬೆಳಿಗ್ಗೆ ನಿಮ್ಹಾನ್ಸ್. ಹೊಸೂರು ರಸ್ತೆಯ ಆ ಆವರಣ ನೋಡಿದವರಿಗೆ ಗೊತ್ತು. ಬೀದರಿನವರು, ಕೊಡಗಿನವರು, ಆಂಧ್ರದವರು, ಬಂಗಾಳದವರು, ಎಲ್ಲರೂ ಒಂದೇ ಸಾಲಿನಲ್ಲಿ ಚೀಟಿ ಹಿಡಿದು ನಿಂತಿರುತ್ತಾರೆ. ನಮ್ಮ ಪಾಳಿ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನೋಡಿದವರು ಸುಮಾರು ನನ್ನ ಅಕ್ಕನ ವಯಸ್ಸಿನ ಡಾಕ್ಟರು. ಅಂಗಾಲಿಗೆ ಬೀಗದ ಕೈಯಿಂದ ಗೀರಿದರು, ಮಂಡಿಗೆ ಸುತ್ತಿಗೆ ತಟ್ಟಿದರು, ಕಣ್ಣೆದುರು ಬೆರಳು ಆಡಿಸಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ಈಗ ಕಥೆ ಹೇಳಿ, ಮೊದಲಿಂದ" ಎಂದರು.

ಹಬ್ಬದ ಬೆಳಗಿನದನ್ನು ನಾನೇ ಹೇಳಿದೆ. ಬಿಸಿನೀರು, ಕಣ್ಣು ಕತ್ತಲೆ, ತಣ್ಣನೆಯ ನೆಲ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಎಷ್ಟು ಹೊತ್ತಿಗೆ ಕಣ್ಣು ವಾಪಸ್ ಬಂತು? ಎರಡೂ ಕಣ್ಣು ಒಂದೇ ಸಲವಾ? ಅದಕ್ಕಿಂತ ಮುಂಚೆ ಯಾವಾಗಾದ್ರೂ ಒಂದು ಕಣ್ಣು ಮಂಜಾಗಿತ್ತಾ?"

ಅತ್ತಿಗೆ ಮೊದಲು ಇಲ್ಲವೆಂದಳು. ಆಮೇಲೆ ನಿಧಾನಕ್ಕೆ ನೆನಪು ಮಾಡಿಕೊಂಡಳು. ಎರಡು ವರ್ಷದ ಹಿಂದೆ ತವರಿಗೆ ಹೋಗಿದ್ದಾಗ ಬಲಗಣ್ಣು ಹೊರಳಿಸಿದರೆ ನೋವು, ಕುಂಕುಮದ ಬಟ್ಟಲು ಆ ಕಣ್ಣಿಗೆ ಮಾಸಲು, ಈ ಕಣ್ಣಿಗೆ ಕೆಂಪು. ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಏನೂ ಕಾಣಿಸುತ್ತಿಲ್ಲ ಎಂದಿದ್ದರು. ತಿಂಗಳೊಳಗೆ ತಾನೇ ಸರಿಹೋಯಿತು. ಇನ್ನೊಂದು ವಿಷಯವನ್ನೂ ಹೇಳಿದಳು, ಅದು ನಮಗೂ ಹೊಸದು. ರಂಗೋಲಿ ಹಾಕಲು ತಲೆ ಬಗ್ಗಿಸಿದರೆ ಕುತ್ತಿಗೆಯಿಂದ ಕಾಲಿನ ತುದಿಯವರೆಗೆ ಕರೆಂಟು ಹರಿದಂತಾಗುತ್ತದೆ. "ಮನೇಲಿ ಹೇಳಿಲ್ವಾ?" ಎಂದರು ಡಾಕ್ಟರು. "ರಂಗೋಲಿ ತಪ್ಪಿಸ್ಕೊಳ್ಳೋಕೆ ನೆಪ ಅಂತಾರೆ, ಮೇಡಂ" ಎಂದಳು ಅತ್ತಿಗೆ. ಅಣ್ಣ ಕಿಟಕಿಯ ಕಡೆ ನೋಡಿದ.

ಕಣ್ಣಿನ ಹಿಂಬದಿಯ ನರ ಊದಿಕೊಂಡಾಗ ರೋಗಿಗೂ ಏನೂ ಕಾಣುವುದಿಲ್ಲ, ವೈದ್ಯರಿಗೂ ಏನೂ ಕಾಣುವುದಿಲ್ಲ ಎಂದು ಡಾಕ್ಟರುಗಳ ನಡುವೆ ಹಳೆಯ ತಮಾಷೆಯೊಂದಿದೆ. ಕಣ್ಣಿನ ಪಾಪೆ ನಿರ್ಮಲವಾಗಿರುತ್ತದೆ, ಪೆಟ್ಟು ಒಳಗಿನ ನರಕ್ಕೆ ಬಿದ್ದಿರುತ್ತದೆ. ಆ ಡಾಕ್ಟರಿಗೆ ಬೇಕಿದ್ದದ್ದು ಆ ಮರೆತ ಕಥೆಯೇ. ಅವರಿಗೆ ಅನುಮಾನ ಬಂದಿದ್ದ ರೋಗವನ್ನು ಗುರುತಿಸುವ ನಿಯಮವೇ ಹಾಗೆ: ಬೇರೆ ಬೇರೆ ಕಾಲದಲ್ಲಿ, ನರಮಂಡಲದ ಬೇರೆ ಬೇರೆ ಜಾಗದಲ್ಲಿ ಪೆಟ್ಟು ಬಿದ್ದಿರಬೇಕು. 1996ರ ಕಣ್ಣು, 1998ರ ಕಾಲು. ಅಡ್ಮಿಟ್ ಮಾಡಿಕೊಂಡರು. ಚೌಕಳಿ ಮಿನುಗುವ ಪರದೆ ನೋಡಿಸಿ ಕಣ್ಣಿನಿಂದ ಮಿದುಳಿಗೆ ಸುದ್ದಿ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಅಳೆದರು. ಬೆನ್ನಿನಿಂದ ನೀರು ತೆಗೆದರು. ಎಂ.ಆರ್.ಐ. ಆಯಿತು. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದಾಗ ಮಿದುಳಿನ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆಗಳು, ಕುತ್ತಿಗೆಯ ಹತ್ತಿರ ಬೆನ್ನುಹುರಿಯಲ್ಲೂ ಒಂದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು.

ಅಣ್ಣ ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಸುತ್ತಿನ ಹಳ್ಳಿಗಳ ಪಂಪ್‌ಸೆಟ್ಟಿಗೆಲ್ಲ ಅವನೇ ಡಾಕ್ಟರು. ಅದನ್ನು ಕೇಳಿ ತಿಳಿದುಕೊಂಡ ಆಕೆ ಹೇಳಿದ್ದು ಹೀಗೆ: ನರ ಅನ್ನೋದು ವೈರು. ಅದರ ಮೇಲೆ ಮೈಲಿನ್ ಅನ್ನೋ ಹೊದಿಕೆ ಇರುತ್ತೆ, ನಿಮ್ಮ ವೈರಿನ ರಬ್ಬರಿನ ಹಾಗೆ. ಮೈ ಕಾಯಬೇಕಾದ ರಕ್ಷಣಾ ಕೋಶಗಳೇ ದಾರಿ ತಪ್ಪಿ ಆ ಹೊದಿಕೆಯನ್ನು ಅಲ್ಲಲ್ಲಿ ಕಿತ್ತುಹಾಕ್ತಿವೆ. ಕಿತ್ತ ಜಾಗದಲ್ಲಿ ಕರೆಂಟು ಸರಿಯಾಗಿ ದಾಟೋದಿಲ್ಲ. ಕಣ್ಣಿನ ವೈರಲ್ಲಿ ಕಿತ್ತರೆ ಕಣ್ಣು, ಕಾಲಿನ ವೈರಲ್ಲಿ ಕಿತ್ತರೆ ಕಾಲು.

ಅಣ್ಣ ತಕ್ಷಣ ಕೇಳಿದ: "ಟೇಪ್ ಸುತ್ತಕ್ಕಾಗಲ್ವಾ ಮೇಡಂ?"

ಆಕೆ ನಗಲಿಲ್ಲ. "ದೇಹ ತಾನೇ ಸ್ವಲ್ಪ ಸುತ್ತಿಕೊಳ್ಳುತ್ತೆ, ಅದಕ್ಕೇ ಕಣ್ಣು ವಾಪಸ್ ಬಂದಿದ್ದು. ನಾವು ಸುತ್ತೋ ಟೇಪು ಇನ್ನೂ ಬಂದಿಲ್ಲ" ಎಂದರು. ಇಷ್ಟು ವರ್ಷದ ಮೇಲೂ ಆ ಮಾತನ್ನು ಬದಲಿಸುವ ಹಾಗಿಲ್ಲ. ಇವತ್ತಿನ ಔಷಧಿಗಳು ಹೊಸದಾಗಿ ಕೀಳುವುದನ್ನು ತಡೆಯುತ್ತವೆ. ಕಿತ್ತುಹೋದದ್ದನ್ನು ನಂಬಬಹುದಾದಂತೆ ಮತ್ತೆ ಸುತ್ತುವ ಔಷಧಿ ಇನ್ನೂ ಸಂಶೋಧನೆಯಲ್ಲೇ ಇದೆ.

ಬಿಸಿನೀರಿನ ವಿಷಯ? ನಾನು ಕೇಳಿದ್ದಕ್ಕೆ ಆಕೆ ವಿವರವಾಗಿ ಹೇಳಿದರು. ಹೊದಿಕೆ ಕಳೆದ ನರ ಹೇಗೋ ಕಷ್ಟಪಟ್ಟು ಸುದ್ದಿ ದಾಟಿಸುತ್ತಿರುತ್ತದೆ. ಮೈಯ ಶಾಖ ಅರ್ಧ ಡಿಗ್ರಿ ಏರಿದರೂ ಸಾಕು, ಅದೂ ನಿಲ್ಲಬಹುದು. ತಣಿದರೆ ಮತ್ತೆ ಶುರು. 1890ರಲ್ಲಿ ವಿಲ್‌ಹೆಲ್ಮ್ ಊಟ್‌ಹಾಫ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು, ಮೈ ದಣಿದರೆ ಈ ರೋಗಿಗಳ ದೃಷ್ಟಿ ಮಬ್ಬಾಗುವುದನ್ನು ಗಮನಿಸಿ ಬರೆದಿಟ್ಟರು. ಅದಕ್ಕೆ ಕಾರಣ ಶಾಖ ಎಂಬುದು ಆಮೇಲೆ ತಿಳಿಯಿತು. "ಎಂ.ಆರ್.ಐ. ಇಲ್ಲದ ಕಾಲದಲ್ಲಿ ಅನುಮಾನ ಬಂದವರನ್ನ ಬಿಸಿನೀರಿನ ತೊಟ್ಟೀಲಿ ಕೂರಿಸೇ ಪರೀಕ್ಷೆ ಮಾಡ್ತಿದ್ರು. ನಿಮ್ಮನೇಲಿ ಅದು ಹಬ್ಬದ ದಿನ ತಾನಾಗೇ ಆಗಿದೆ" ಎಂದರು ಡಾಕ್ಟರು. ಚೌಡಿಯ ಬಾಕಿ ಅಲ್ಲಿಗೆ ತೀರಿತು.

ಐದು ದಿನ ದಿನಕ್ಕೊಂದು ಗ್ರಾಮಿನಂತೆ ಸ್ಟೀರಾಯ್ಡನ್ನು ಡ್ರಿಪ್ಪಿನಲ್ಲಿ ಹಾಕಿದರು. ಬಾಯಿಯೆಲ್ಲ ಕಬ್ಬಿಣದ ರುಚಿ, ರಾತ್ರಿ ನಿದ್ದೆ ಇಲ್ಲ. ಪಕ್ಕದ ಮಂಚದ ಹೆಂಗಸಿನ ಜೊತೆ ಬೆಳಗಿನವರೆಗೂ ಮಾತು. ಸ್ಟೀರಾಯ್ಡು ಎದ್ದ ಉರಿಯನ್ನು ಬೇಗ ಇಳಿಸುತ್ತದೆಯೇ ಹೊರತು ರೋಗದ ಮುಂದಿನ ದಾರಿ ಬದಲಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. ಆದರೂ ಕೆಲವು ವಾರಗಳಲ್ಲಿ ಅತ್ತಿಗೆ ಯಾರ ಕೈಯನ್ನೂ ಹಿಡಿಯದೆ ನಡೆಯತೊಡಗಿದಳು. ನಿಜವಾದ ತಾಪತ್ರಯ ಶುರುವಾದದ್ದು ಆಗಲೇ.

ಹಾಸಿಗೆ ಹಿಡಿದವರನ್ನು ಊರು ನಂಬುತ್ತದೆ. ಬಂದು ಹೋಗುವ ಕಾಯಿಲೆಯನ್ನು ಯಾರೂ ನಂಬುವುದಿಲ್ಲ. ಈ ರೋಗ ಬಂದವರಲ್ಲಿ ನೂರಕ್ಕೆ ಎಂಬತ್ತೈದು ಮಂದಿಗೆ ಶುರುವಿನಲ್ಲಿ ಹೀಗೆಯೇ: ಏಳುತ್ತದೆ, ಇಳಿಯುತ್ತದೆ, ಮಧ್ಯೆ ತಿಂಗಳು, ವರ್ಷ ಸುಮ್ಮನಿರುತ್ತದೆ. ಸುಮ್ಮನಿರುವಾಗಲೂ ಒಳಗೊಂದು ಸುಸ್ತು ಬಿಡುವುದಿಲ್ಲ. ದುಡಿದು ಬರುವ ಸುಸ್ತಲ್ಲ ಅದು. ಬೆಳಿಗ್ಗೆ ಎದ್ದಾಗಲೇ ಬಂದು ಕೂತಿರುತ್ತದೆ, ಮಧ್ಯಾಹ್ನದ ಸೆಕೆಗೆ ಇಮ್ಮಡಿಯಾಗುತ್ತದೆ. ಬಂದ ನೆಂಟರೆಲ್ಲ "ನೋಡಕ್ಕೆ ಚೆನ್ನಾಗೇ ಇದೀಯಲ್ಲೆ" ಎನ್ನುವರು. ಹೊಗಳಿಕೆಯೋ ಆರೋಪವೋ ಬಗೆಹರಿಯದ ಮಾತದು. ಸೋಮವಾರ ಅವಲಕ್ಕಿ ಕುಟ್ಟಿದವಳು ಮಂಗಳವಾರ ಬಿಂದಿಗೆ ಎತ್ತಲಾರೆ ಎಂದರೆ, ಕುಟ್ಟಿದ್ದೇ ಅವಳ ವಿರುದ್ಧದ ಸಾಕ್ಷಿ. ಕೈ ನಡುಗಿ ಲೋಟ ಒಡೆದರೆ ಗಮನವಿಲ್ಲ ಎಂದಾಗುತ್ತಿತ್ತು.

ಲೋಟದ ವಿಷಯಕ್ಕೆ ಒಂದು ಮಾತು. ಈ ರೋಗಕ್ಕೆ 1868ರಲ್ಲಿ ಸ್ಪಷ್ಟ ರೂಪ ಕೊಟ್ಟವರು ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಜ್ಯಾಂ ಮಾರ್ಟಿನ್ ಶಾರ್ಕೋ. ಅವರ ಮನೆಗೆಲಸದ ಹೆಂಗಸಿಗೇ ಕೈ ನಡುಕವಿತ್ತಂತೆ, ತಟ್ಟೆ ಬಟ್ಟಲು ಒಡೆಯುತ್ತಿದ್ದರೂ ಕೆಲಸ ಬಿಡಿಸದೆ ಇಟ್ಟುಕೊಂಡಿದ್ದರಂತೆ, ಆಕೆ ತೀರಿಕೊಂಡ ಮೇಲೆ ಮಿದುಳು ತೆರೆದು ನೋಡಿದಾಗ ಗಟ್ಟಿಯಾದ ಮಚ್ಚೆಗಳು ಸಿಕ್ಕವಂತೆ. ವೈದ್ಯರು ಹೇಳಿಕೊಂಡು ಬಂದ ಕಥೆ ಇದು. ವಿಜ್ಞಾನದ ಟೀಚರಾಗಿ ನನಗೆ ಶಾರ್ಕೋ ದೊಡ್ಡವರು. ಆದರೂ ನಡುಗುವ ಕೈಯಿಂದ ಪಾತ್ರೆ ತೊಳೆಯುತ್ತ ಬೈಗುಳ ತಿಂದಿರಬಹುದಾದ ಆ ಹೆಂಗಸಿನ ಹೆಸರು ಪಾಠದಲ್ಲಿ ಬರುವುದಿಲ್ಲ ಎನ್ನುವುದು ಚುಚ್ಚುತ್ತದೆ. ಶಾರ್ಕೋಗಿಂತ ಮುಂಚೆ ಅರಮನೆಯವರಿಗೂ ನೆಮ್ಮದಿ ಇರಲಿಲ್ಲ. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ಮೊಮ್ಮಗ ಅಗಸ್ಟಸ್ ಡೆಸ್ಟೆಗೆ 1822ರಲ್ಲಿ ಬಂಧುವೊಬ್ಬರ ಉತ್ತರಕ್ರಿಯೆಗೆ ಹೋದಾಗ ಕಣ್ಣು ಮಂಜಾಯಿತು, ತಾನೇ ಸರಿಹೋಯಿತು, ಆಮೇಲೆ ಕಾಲು ಹೋಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ದಿನಚರಿಯಲ್ಲಿ ಬರೆದುಕೊಂಡ. ವೈದ್ಯರು ಮಾಂಸ ತಿನ್ನು, ವೈನ್ ಕುಡಿ ಎಂದರು. 1848ರಲ್ಲಿ ಸಾಯುವಾಗಲೂ ತನಗೇನಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅತ್ತಿಗೆಗೆ ಇದನ್ನು ಓದಿ ಹೇಳಿದಾಗ "ಹಾಗಾದ್ರೆ ನನಗೆ ಟಾನಿಕ್ಕು ಕೊಟ್ಟಿದ್ದೇ ವಾಸಿ" ಎಂದಿದ್ದಳು.

ನಂಬಿಸಿದ್ದು ಕೊನೆಗೆ ಫಿಲ್ಮು. ಅಣ್ಣ ಅದನ್ನು ಜಗಲಿಯಲ್ಲಿ ಬಿಸಿಲಿಗೆ ಹಿಡಿದು ಅಮ್ಮನಿಗೆ ತೋರಿಸಿದ. ಅಮ್ಮ ಬಹಳ ಹೊತ್ತು ನೋಡಿ, ಬೆರಳಿನಿಂದ ಒಂದೊಂದೇ ಮಚ್ಚೆ ಮುಟ್ಟಿದಳು. "ಇದು ನೋಯತ್ತೇನೋ?" ಎಂದು ಕೇಳಿದಳು. ಆವತ್ತಿನಿಂದ ಸೊಸೆಯ ಸ್ನಾನಕ್ಕೆ ಬೇರೆ ಕೊಳಗ, ಉಗುರು ಬೆಚ್ಚಗೂ ಅಲ್ಲದ ನೀರು. ಮುಂದಿನ ದೀಪಾವಳಿಗೆ ಮೊದಲ ಪಾಳಿ ಅತ್ತಿಗೆಯದ್ದು, ಹಂಡೆ ಕಾಯುವ ಮೊದಲೇ. ಹಬ್ಬದ ದಿನ ಮನೆಯ ಹೆಣ್ಣುಮಗಳಿಗೆ ತಣ್ಣೀರೇ ಎಂದು ದೊಡ್ಡಮ್ಮ ರಾಗ ತೆಗೆದಾಗ ಅಮ್ಮ ಹೇಳಿದ್ದು: "ನಿನ್ನ ತಲೆ ಫಿಲ್ಮು ತೆಗೆಸ್ಕೊಂಡು ಬಾ, ಆಮೇಲೆ ಮಾತಾಡು."

ಔಷಧಿಯ ಕಥೆ ಇಷ್ಟು ಸಲೀಸಾಗಿರಲಿಲ್ಲ. ರೋಗದ ಓಟಕ್ಕೆ ತಡೆ ಹಾಕುವ ಮೊದಲ ಔಷಧಿ ಇಂಟರ್‌ಫೆರಾನ್ ಬೀಟಾ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1993ರಲ್ಲಿ. ಸಾಲದೆ ಬಂದು ಅಲ್ಲಿ ಲಾಟರಿ ಎತ್ತಿ ಹಂಚಿದ್ದರು. ನಮಗೆ ವಾರಕ್ಕೊಂದು ಸೂಜಿಯ ಬಗೆಯದ್ದನ್ನು ಬರೆದುಕೊಟ್ಟರು. ಅದು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲೇ ಇರಬೇಕು. ಬೆಂಗಳೂರಿನಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸಿಟ್ಟು ರಾತ್ರಿ ಬಸ್ಸಿನಲ್ಲಿ ಅಣ್ಣ ಮಡಿಲಲ್ಲೇ ತರುತ್ತಿದ್ದ. ಅದಕ್ಕೆಂದೇ ಮನೆಗೆ ಫ್ರಿಜ್ಜು ಬಂತು. ಆದರೆ ಮಳೆಗಾಲದಲ್ಲಿ ನಮ್ಮೂರ ಕರೆಂಟಿನ ಪಾಡು ಗೊತ್ತಲ್ಲ, ಮರ ಬಿದ್ದರೆ ಮೂರು ದಿನ ಇಲ್ಲ. ಆಗ ಪೇಟೆಯ ಔಷಧಿ ಅಂಗಡಿಯವರ ಫ್ರಿಜ್ಜಿಗೆ ಪೆಟ್ಟಿಗೆಯ ಸವಾರಿ. ಸೂಜಿ ಚುಚ್ಚಿಸಿಕೊಂಡ ರಾತ್ರಿ ಮೈಕೈ ನೋವು, ಚಳಿಜ್ವರ. ಜ್ವರ ಏರಿದರೆ ಮತ್ತೆ ಕಣ್ಣು ಮಂಜು. ಆದರೂ ಆ ಅವಧಿಯಲ್ಲಿ ದೊಡ್ಡ ಪೆಟ್ಟು ಬೀಳಲಿಲ್ಲ. 2000ದ ನಂತರ ಅಡಿಕೆ ಧಾರಣೆ ನೆಲಕಚ್ಚಿತು. ಮಲೆನಾಡಿನಲ್ಲಿ ಮದುವೆಗಳು ಮುಂದೆ ಹೋದವು, ಕಟ್ಟುತ್ತಿದ್ದ ಮನೆಗಳು ಅರ್ಧಕ್ಕೆ ನಿಂತವು. ನಮ್ಮ ಮನೆಯಲ್ಲಿ ಇಂಜೆಕ್ಷನ್ ನಿಂತಿತು. ಯಾರೂ ನಿಲ್ಲಿಸು ಎನ್ನಲಿಲ್ಲ. ಅತ್ತಿಗೆಯೇ ಒಂದು ದಿನ "ಮುಂದಿನ ತಿಂಗಳು ತರಬೇಡಿ" ಎಂದಳು.

2003ರಲ್ಲಿ ಅವಳು ಬಸುರಿಯಾದಾಗ ಎರಡೂ ಮನೆಗಳಲ್ಲಿ ಪಿಸುಮಾತು. ಮಗುವಿಗೂ ಬಂದರೆ? ಡಾಕ್ಟರು ಹೇಳಿದ್ದು: ತಾಯಿಗಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಎರಡರಷ್ಟು, ತೊಂಬತ್ತೆಂಟು ಸಲ ಬರುವುದಿಲ್ಲ. ಬಸಿರಿನ ಕೊನೆಯ ಮೂರು ತಿಂಗಳು ಈ ರೋಗ ಬಹಳ ಮಟ್ಟಿಗೆ ತಣ್ಣಗಿರುತ್ತದೆ. ಹೆರಿಗೆಯಾದ ಮೊದಲ ಮೂರು ತಿಂಗಳು ಜೋಕೆ. ಎರಡೂ ಹಾಗೇ ಆದವು. ಬಸುರಿಯಾಗಿದ್ದಾಗ ಅವಳು ಅಷ್ಟು ಲವಲವಿಕೆಯಿಂದ ಓಡಾಡಿದ್ದನ್ನು ನಾವು ನೋಡಿಯೇ ಇರಲಿಲ್ಲ.

ಬಾಣಂತನ ಮಾತ್ರ ಒಂದು ಯುದ್ಧ. ಮಲೆನಾಡಿನ ಬಾಣಂತಿ ಸ್ನಾನ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಹಂಡೆಗಟ್ಟಲೆ ಸುಡುನೀರನ್ನು ಬೆನ್ನಿಗೆ, ಸೊಂಟಕ್ಕೆ ಬೀಸಿ ಎರಚಬೇಕು, ಆಮೇಲೆ ಕಂಬಳಿ ಹೊದೆಸಿ ಬೆವರಿಳಿಸಬೇಕು, ಕೆಂಡದ ಕಾವು ಬೇರೆ. ಮೀಯಿಸಲು ಬಂದ ಮುದುಕಿ ಊರಿನ ಅರ್ಧ ಬಾಣಂತಿಯರನ್ನು ಮೀಯಿಸಿದವಳು. "ನೀರು ಕಾಯದ ಬಾಣಂತನ ಬಾಣಂತನವೇ ಅಲ್ಲ, ನಂಜಾಗ್ತದೆ" ಎಂದು ಪಟ್ಟು ಹಿಡಿದಳು. ಅತ್ತಿಗೆಯ ತವರಿನವರೂ ಅವಳ ಕಡೆಗೇ. ಅಮ್ಮ ಬಚ್ಚಲ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಳು. "ಎಣ್ಣೆ ನಿಂದು, ಕೈ ನಿಂದು, ನೀರಿನ ಹದ ಮಾತ್ರ ನಂದು" ಎಂದಳು. ಪ್ರತಿ ಚೊಂಬಿಗೂ ತಾನೇ ಕೈ ಅದ್ದಿ ನೋಡಿ ಕೊಡುತ್ತಿದ್ದಳು.

ಆದರೂ ಮೂರನೇ ತಿಂಗಳಲ್ಲಿ ಪೆಟ್ಟು ಬಿತ್ತು. ಈ ಸಲ ಬಲಗೈ, ಸೊಂಟದ ಕೆಳಗೆ ಮರಗಟ್ಟಿದಂತೆ. ಮಗುವನ್ನು ಎತ್ತಿಕೊಂಡರೆ ಬೀಳಿಸಿಬಿಡುವೆನೋ ಎಂಬ ಹೆದರಿಕೆಗೆ ಅತ್ತಿಗೆ ನೆಲದ ಮೇಲೆ ಹಾಸಿಗೆಯಲ್ಲೇ ಕೂತು ಹಾಲೂಡಿಸುತ್ತಿದ್ದಳು. ಮತ್ತೆ ಡ್ರಿಪ್ಪು. ಕೈ ಬಹುಪಾಲು ಮರಳಿತು. ಮೂತ್ರದ ಹಿಡಿತ ಪೂರ್ತಿ ಮರಳಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ಅವಸರ ಬಂದರೆ ತಡೆಯಲಾಗದು ಎಂಬ ಒಂದೇ ಕಾರಣಕ್ಕೆ ಅವಳು ಮದುವೆ, ಜಾತ್ರೆ, ತವರು ಎಲ್ಲ ಬಿಟ್ಟಳು. ಬಸ್ಸು ಹತ್ತಬೇಕಾದರೆ ಹಿಂದಿನ ಸಂಜೆಯಿಂದ ನೀರು ಕುಡಿಯುತ್ತಿರಲಿಲ್ಲ. ನಡೆಯಲಾಗದ್ದಕ್ಕಿಂತ ಹೆಚ್ಚಾಗಿ ಇದೇ ಅವಳನ್ನು ಮನೆಯಲ್ಲಿ ಕೂರಿಸಿತು. ಅದಕ್ಕೂ ಮಾತ್ರೆಯಿದೆ, ಅಭ್ಯಾಸಗಳಿವೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯವರ ಒಂದು ಕೂಟಕ್ಕೆ ಹೋದಾಗ, ಅದೂ ಅಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಕಿವಿಯಲ್ಲಿ ಹೇಳಿದ್ದರಿಂದ. ಅವಳಂಥವರು ಇಷ್ಟು ಮಂದಿ ಇದ್ದಾರೆಂದು ಅತ್ತಿಗೆ ಮೊದಲು ಕಂಡದ್ದೂ ಅಲ್ಲೇ. ಇದು ಚಳಿದೇಶದವರ ಕಾಯಿಲೆ, ನಮ್ಮಲ್ಲಿ ಇಲ್ಲವೇ ಇಲ್ಲ ಎಂಬ ನಂಬಿಕೆ ಹಿಂದೆ ವೈದ್ಯರಲ್ಲೂ ಇತ್ತು. ಮಂಗಳೂರು ನಗರದಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಲಕ್ಷಕ್ಕೆ ಸುಮಾರು ಎಂಟು ಮಂದಿ ಸಿಕ್ಕರು. ಯೂರೋಪಿಗೆ ಹೋಲಿಸಿದರೆ ಬಹಳ ಕಡಿಮೆ. ಆದರೆ ಎಂಟು ಎಂದರೆ ಎಂಟು ಮನೆ.

ಔಷಧಿ ಮತ್ತೆ ಕೈಗೆಟುಕಿದ್ದು ಬೇರೆ ದಾರಿಯಲ್ಲಿ. ರಕ್ತದ ಒಂದು ಬಗೆಯ ಕ್ಯಾನ್ಸರಿಗೆಂದು ಮಾಡಿದ ರಿಟುಕ್ಸಿಮ್ಯಾಬ್ ಈ ರೋಗಕ್ಕೂ ಕೆಲಸ ಮಾಡುತ್ತದೆಂದು 2008ರ ಹೊತ್ತಿಗೆ ತಿಳಿಯಿತು. ಅದರ ಅಗ್ಗದ ರೂಪವನ್ನು ಅದರ ಹಿಂದಿನ ವರ್ಷವೇ ಭಾರತದ ಕಂಪನಿಯೊಂದು ತಯಾರಿಸಿತ್ತು. ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ಪು, ಫ್ರಿಜ್ಜಿನ ಕಾಟವಿಲ್ಲ. ಅತ್ತಿಗೆಗೆ ಅದು ಶುರುವಾದ ಮೇಲೆ ಹೊಸ ಪೆಟ್ಟುಗಳು ನಿಂತವು. ಅಷ್ಟರಲ್ಲಾಗಲೇ ಎಡಗಾಲು ಬಿಗಿದುಕೊಂಡಿತ್ತು. ಮೊದಲು ಕೋಲು, ಈಗ ಅಂಗಳಕ್ಕೆ ವಾಕರ್, ದೂರಕ್ಕೆ ಗಾಲಿಕುರ್ಚಿ. ಇಂಜೆಕ್ಷನ್ ನಿಲ್ಲಿಸಿದ ಆ ವರ್ಷಗಳಲ್ಲಿ ಕೈಗೆ ಕಾಸಿದ್ದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಶುರುವಿನಲ್ಲೇ ಔಷಧಿ ಹಿಡಿದಷ್ಟೂ ಒಳ್ಳೆಯದೆಂದು ಇವತ್ತಿನ ವೈದ್ಯರೂ ಹೇಳುತ್ತಾರೆ.

2022ರ ಜನವರಿಯಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಅಮೆರಿಕದ ಸೈನ್ಯದ ಒಂದು ಕೋಟಿ ಜನರ ದಾಖಲೆ ಜಾಲಾಡಿ ನೋಡಿದರೆ, ಎಪ್‌ಸ್ಟೀನ್ ಬಾರ್ ಎಂಬ ವೈರಸ್ ತಗುಲಿದ ಮೇಲೆ ಈ ರೋಗದ ಅಪಾಯ 32 ಪಟ್ಟು ಏರುತ್ತದಂತೆ. ಬಹುತೇಕ ಎಲ್ಲ ದೊಡ್ಡವರ ಮೈಯಲ್ಲೂ ಇರುವ ವೈರಸ್ ಅದು; ನೂರಾರು ಮಂದಿಗೆ ಏನೂ ಮಾಡದೆ ಎಲ್ಲೋ ಒಬ್ಬರಲ್ಲಿ ಹೀಗೆ ತಿರುಗುತ್ತದೆ. ಅತ್ತಿಗೆಗೆ ಓದಿ ಹೇಳಿದೆ. ಅವಳು ಪೇಪರು ಕೇಳಿ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ತಾನೇ ಇನ್ನೊಮ್ಮೆ ಓದಿದಳು. "ಹಾಗಾದ್ರೆ ನಾನೇನೂ ಮಾಡಿದ್ದಲ್ಲ" ಎಂದಳು. ಅಷ್ಟು ವರ್ಷ ಅವಳು ಆ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತಿದ್ದಳೆಂದು ನನಗೆ ತಿಳಿದದ್ದು ಆವತ್ತು.

ಕಥೆ ಇಲ್ಲಿಗೆ ಮುಗಿಯಿತು ಎಂದರೆ ಅಣ್ಣನ ಮಗಳು ಬಿಡುವುದಿಲ್ಲ, "ಸರ್ಟಿಫಿಕೇಟಿನ ಕಥೆ?" ಎನ್ನುತ್ತಾಳೆ. ಹೇಳುತ್ತೇನೆ. ಹಿಂದೊಮ್ಮೆ ಅಂಗವಿಕಲರ ಸರ್ಟಿಫಿಕೇಟಿಗೆಂದು ಅಣ್ಣ ಅವಳನ್ನು ಕರೆದುಕೊಂಡು ಒಂದು ಕಚೇರಿಗೆ ಹೋಗಿದ್ದ. ಚಳಿಗಾಲದ ಬೆಳಿಗ್ಗೆ, ಅವಳ ಮೈಗೆ ಹಿತವಾದ ಹೊತ್ತು. ಕೋಲೂರಿಕೊಂಡು ಮೆಟ್ಟಿಲು ಹತ್ತಿದಳು. "ಹತ್ತಿ ಬಂದಿದಾರಲ್ರೀ" ಎಂದರು ಅಲ್ಲಿದ್ದವರು. 1995ರ ಕಾನೂನಿನಲ್ಲಿದ್ದ ಅಂಗವೈಕಲ್ಯಗಳು ಏಳು, ಅವುಗಳಲ್ಲಿ ಈ ರೋಗದ ಹೆಸರಿರಲಿಲ್ಲ. ವಾಪಸ್ ಬಂದರು.

ಈಗ ಹಾಗಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾನೂನಿನಲ್ಲಿ ಇಪ್ಪತ್ತೊಂದು ಅಂಗವೈಕಲ್ಯಗಳಿವೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿ ಹೆಸರು ಹಿಡಿದು ಸೇರಿದೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ವೈದ್ಯರು ಬರೆದರೆ ಮೀಸಲು ಸೌಲಭ್ಯಗಳೂ ಸಿಗುತ್ತವೆ. ಅತ್ತಿಗೆಗೆ ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಕಾರ್ಡು ಬಂದಾಗ ಅಮ್ಮ ಇರಲಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರಿದ್ದರೆ ಹಳೆಯ ಎಂ.ಆರ್.ಐ. ಫಿಲ್ಮು, ಡಿಸ್ಚಾರ್ಜ್ ಚೀಟಿ ಒಂದನ್ನೂ ಎಸೆಯಬೇಡಿ. ಎಲ್ಲ ಕಟ್ಟಿಕೊಂಡು ಅರ್ಜಿ ಹಾಕಿಸಿ. ಮೆಟ್ಟಿಲು ಹತ್ತಿ ಬಂದಿದ್ದೀರಲ್ಲ ಎಂದು ಯಾರಾದರೂ ಅಂದರೆ ಆ ಕಾನೂನಿನ ಪಟ್ಟಿ ತೆಗೆದು ಮೇಜಿನ ಮೇಲಿಡಿ.